ತಿದ್ದುವ ಕೈ

ಕನ್ನಡದಲ್ಲಿ ‘ತಿದ್ದು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಹಲಗೆಯ ಮೇಲೆ ಹಿರಿಯರು ಬರೆದುಕೊಟ್ಟ ಅಕ್ಷರದ ಮೇಲೆಯೇ ಮಗು ಮತ್ತೆ ಮತ್ತೆ ಬಳಪವಾಡಿಸುವುದು ಅಕ್ಷರ ತಿದ್ದುವುದು. ಬರೆದದ್ದರಲ್ಲಿ ತಪ್ಪಿದ್ದರೆ ಅದನ್ನು ಸರಿಪಡಿಸುವುದೂ ತಿದ್ದುವುದೇ. ಕಲಿಯುವುದಕ್ಕೂ ತಪ್ಪನ್ನು ನೇರ್ಪಡಿಸುವುದಕ್ಕೂ ಒಂದೇ ಕ್ರಿಯಾಪದವನ್ನು ಇಟ್ಟುಕೊಂಡ ನಮ್ಮ ಹಿರಿಯರು ಅದರಲ್ಲಿ ಒಂದು ವಿವೇಕವನ್ನೂ ಅಡಗಿಸಿಟ್ಟರು ಎನ್ನಬೇಕು. ಇನ್ನೊಬ್ಬರ ಕವಿತೆಯನ್ನೋ ಕಥೆಯನ್ನೋ ಓದಿ, ಬರೆದವರ ಉತ್ಸಾಹ ಕುಂದದಂತೆ, ಸತ್ಯಕ್ಕೂ ಚ್ಯುತಿ ಬಾರದಂತೆ ಮಾತಾಡುವುದು ಹೇಗೆ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಅದಕ್ಕೆ ಕನ್ನಡದಲ್ಲಿ ಸಾವಿರ ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಗವಿಪುರಗಳ ಹಳೆಯ ಬೀದಿಗಳಲ್ಲಿ ನಡೆಯಿತು.

ಮೊದಲು ಹಳೆಯ ಮಾತನ್ನು ನೋಡೋಣ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಕನ್ನಡ ನಾಡಿನ ಜನರನ್ನು ಹೊಗಳುವ ಪದ್ಯವೊಂದಿದೆ. ಓದುಬರಹವನ್ನು ಗುರಿಯಿಟ್ಟು ಕಲಿಯದವರೂ ಇಲ್ಲಿ ಕಾವ್ಯದಲ್ಲಿ ನುರಿತವರು ಎಂಬ ಆ ಪ್ರಶಂಸೆ ಎಲ್ಲರಿಗೂ ಗೊತ್ತು. ಸಭೆ ಸಮಾರಂಭಗಳಲ್ಲಿ ಅದನ್ನು ಕೇಳದ ಕನ್ನಡಿಗನಿಲ್ಲ. ಆದರೆ ಅದರ ಬೆನ್ನಿಗೇ ಬರುವ ಇನ್ನೊಂದು ಪದ್ಯವನ್ನು ನಾವು ಯಾರೂ ಬಾಯಿಪಾಠ ಮಾಡುವುದಿಲ್ಲ. ಜಾಣರಲ್ಲದವರೂ, ತಮಗೆ ತಿಳಿಯದಿದ್ದರೂ ತಿಳಿದವರಂತೆ, ದೋಷವೊಂದಕ್ಕೆ ಎಳ್ಳಷ್ಟು ಎಡೆ ಸಿಕ್ಕಿದರೆ ಸಾಕು, ಅದನ್ನೇ ಹಿಡಿದುಕೊಂಡು ಇಡೀ ಕೃತಿಯನ್ನು ಹಳಿದುಬಿಡುತ್ತಾರೆ ಎಂಬುದು ಅದರ ಭಾವ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥದಲ್ಲೇ ಕೆಟ್ಟ ವಿಮರ್ಶೆಯ ಮೇಲೆ ಈ ದೂರಿದೆ! ಗಮನಿಸಬೇಕಾದ್ದೆಂದರೆ, ಆ ಗ್ರಂಥವೇ ಕಾವ್ಯದೋಷಗಳನ್ನು ಒಂದೊಂದಾಗಿ ಎತ್ತಿ ತೋರಿಸುವ ಶಾಸ್ತ್ರಗ್ರಂಥ. ದೋಷವನ್ನು ಹೇಳಬಾರದೆಂದು ಅದರ ಕರ್ತೃವಿನ ಅಭಿಪ್ರಾಯವಲ್ಲ. ಒಂದು ದೋಷವನ್ನು ಹಿಡಿದು ಇಡೀ ಕೃತಿಯನ್ನು ಅಳೆಯುವುದು ಆತನಿಗೆ ಒಪ್ಪಿಗೆಯಾಗದ ಸಂಗತಿ.

ಸ್ವಲ್ಪ ಕಾಲದ ಮೇಲೆ ಸಂಸ್ಕೃತದಲ್ಲಿ ರಾಜಶೇಖರ ‘ಕಾವ್ಯಮೀಮಾಂಸೆ’ಯನ್ನು ಬರೆದಾಗ ವಿಮರ್ಶಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ. ಯಾವುದೂ ರುಚಿಸದವನು ಅರೋಚಕಿ. ಹುಲ್ಲು ಸಮೇತ ಎಲ್ಲವನ್ನೂ ಮೆಲ್ಲುವವನು ಸತೃಣಾಭ್ಯವಹಾರಿ. ಹೊಟ್ಟೆಕಿಚ್ಚಿನವನು ಮತ್ಸರಿ. ಕೃತಿಯ ತಿರುಳಿಗೆ ಮನಸ್ಸು ಕೊಡುವವನು ತತ್ತ್ವಾಭಿನಿವೇಶಿ, ಇಂಥವನು ಸಾವಿರಕ್ಕೊಬ್ಬ. ಈ ವಿಂಗಡಣೆಯ ಸೊಗಸು ಇರುವುದು ಎರಡನೆಯ ಹೆಸರಿನಲ್ಲಿ. ಎಲ್ಲವನ್ನೂ ‘ಬಹಳ ಚೆನ್ನಾಗಿದೆ’ ಎನ್ನುವವನನ್ನು ರಾಜಶೇಖರ ದಯಾಳು ಎಂದು ಕರೆಯಲಿಲ್ಲ, ಅಕ್ಕಿಗೂ ಹುಲ್ಲಿಗೂ ಭೇದ ತಿಳಿಯದವನೆಂದ. ಹೊಗಳಿಕೆ ಬೇರೆ, ದಯೆ ಬೇರೆ ಎಂಬುದು ಅವನಿಗೆ ತಿಳಿದಿತ್ತು.

ಇನ್ನು ಕಠಿನ ವಿಮರ್ಶೆಯ ಪರಮಾವಧಿಯನ್ನು ನೋಡಬೇಕಾದರೆ ರಾಘವಾಂಕನ ಐತಿಹ್ಯವನ್ನು ನೆನೆಯಬೇಕು. ಅವನ ಸೋದರಮಾವನೂ ಗುರುವೂ ಆದ ಹರಿಹರ, ಶಿವನನ್ನೂ ಶಿವಭಕ್ತರನ್ನೂ ಬಿಟ್ಟು ನರನೊಬ್ಬನ ಕಥೆಯನ್ನು ಹಾಡಿದೆಯಲ್ಲಾ ಎಂದು ಕೋಪಗೊಂಡು ಪಾದುಕೆಯಿಂದ ಹೊಡೆದನಂತೆ. ಅಳಿಯನ ಹಲ್ಲುಗಳು ಉದುರಿದವಂತೆ. ಶೈವಕಾವ್ಯಗಳನ್ನು ಬರೆದಂತೆಲ್ಲ ಅವು ಮತ್ತೆ ಬಂದವಂತೆ. ಇದು ಕಥೆ. ಆದರೆ ಕಥೆಯ ವ್ಯಂಗ್ಯವನ್ನು ಕಾಲವೇ ಬರೆದು ಮುಗಿಸಿದೆ. ಯಾವ ಕಾವ್ಯಕ್ಕಾಗಿ ರಾಘವಾಂಕ ಹಲ್ಲು ಕಳೆದುಕೊಂಡನೋ ಆ ‘ಹರಿಶ್ಚಂದ್ರಕಾವ್ಯ’ವನ್ನೇ ನಾವು ಇಂದಿಗೂ ಅವನ ಮೇರುಕೃತಿಯೆಂದು ಓದುತ್ತೇವೆ, ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಗುರುವಿನ ಸಿಟ್ಟು ಕೃತಿಯ ಗುಣದ ಮೇಲಿರಲಿಲ್ಲ. ತಾನು ಬರೆಯುವಂಥದನ್ನು ಶಿಷ್ಯ ಬರೆಯಲಿಲ್ಲವೆಂಬುದರ ಮೇಲಿತ್ತು. ಈ ಭೇದವನ್ನು ಮರೆತ ವಿಮರ್ಶಕರು ಎಲ್ಲ ಕಾಲದಲ್ಲೂ ಇದ್ದಾರೆ.

ಹೊಸಗನ್ನಡದ ಹೊಸಿಲಲ್ಲಿ ನಿಂತ ಮುದ್ದಣನ ಕಥೆ ಇದಕ್ಕಿಂತ ಮನಸ್ಸನ್ನು ಕಲಕುವಂಥದು. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪನವರು ತಮ್ಮ ಕಾವ್ಯಗಳನ್ನು ಮೈಸೂರಿನ ವಿದ್ವಾಂಸರಿಗೆ ಕಳುಹಿಸಿದರು. ಆದರೆ ತಾವು ಬರೆದದ್ದೆಂದು ಹೇಳಲಿಲ್ಲ; ಹಳೆಯ ಕವಿಯ ಓಲೆ ಸಿಕ್ಕಿತೆಂಬಂತೆ ಕಳುಹಿಸಿದರು. ಹೊಸಬನ ಬರಹವೆಂದರೆ ಯಾರು ಓದುತ್ತಾರೆಂಬ ಅಳುಕು! ಹಳೆಯದೆಂದು ನಂಬಿಯೇ ಅವುಗಳನ್ನು ಅಚ್ಚು ಹಾಕಿದರು. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಆತ ಕ್ಷಯದಿಂದ ತೀರಿಕೊಂಡ ಮೇಲೆಯೇ ಕರ್ತೃ ಯಾರೆಂಬ ಗುಟ್ಟು ಸಾಹಿತ್ಯಲೋಕಕ್ಕೆ ತಿಳಿದದ್ದು. ಹೊರಗೆ ಸಿಕ್ಕದ ಓದುಗರನ್ನು ಆತ ಒಳಗೆ ಸೃಷ್ಟಿಸಿಕೊಂಡ ಎಂದು ತೋರುತ್ತದೆ. ‘ರಾಮಾಶ್ವಮೇಧ’ದ ಮನೋರಮೆಯನ್ನು ನೆನಪಿಸಿಕೊಳ್ಳಿ. ಮಳೆಗಾಲದ ಸಂಜೆ ಗಂಡನಿಂದ ಕಥೆ ಕೇಳುತ್ತ ಕುಳಿತ ಆಕೆ ಸುಮ್ಮನೆ ತಲೆದೂಗುವವಳಲ್ಲ. ಪದ್ಯ ಬೇಡ, ಗದ್ಯವಿರಲಿ ಎನ್ನುತ್ತಾಳೆ. ಸಂಸ್ಕೃತದ ಆಡಂಬರ ಮಿತಿ ಮೀರಿದಾಗ ಇದು ನನಗೆ ತಿಳಿಯದು, ತಿಳಿಗನ್ನಡದಲ್ಲಿ ಹೇಳಿ ಎಂದು ತಡೆಯುತ್ತಾಳೆ. ಹಾಸ್ಯ ಮಾಡುತ್ತಾಳೆ, ಹುಸಿಮುನಿಸು ತೋರುತ್ತಾಳೆ. ಮುಂದೇನಾಯಿತು ಎಂದು ಕೇಳುತ್ತಲೂ ಇರುತ್ತಾಳೆ. ಆಕೆಯ ಟೀಕೆಗೆ ನೋವಿನ ಮೊನೆಯಿಲ್ಲ, ಏಕೆಂದರೆ ಕಥೆ ಮುಂದುವರಿಯಬೇಕೆಂಬ ಆಸೆ ಹೇಳುವವನಿಗಿಂತ ಕೇಳುವವಳಿಗೇ ಹೆಚ್ಚು. ಕನ್ನಡದ ಉತ್ತಮ ವಿಮರ್ಶಕರ ಪಟ್ಟಿ ಮಾಡುವವರು ಮನೋರಮೆಯ ಹೆಸರನ್ನು ಮೊದಲ ಸಾಲಿನಲ್ಲೇ ಬರೆಯಬೇಕು.

ಮುದ್ದಣನಿಗೆ ಸಿಕ್ಕದ ಓದುಗರನ್ನು ಒದಗಿಸುವ ಕೆಲಸ ಅವನು ತೀರಿಕೊಂಡ ಹದಿನೈದಿಪ್ಪತ್ತು ವರ್ಷಗಳಲ್ಲೇ ಬೆಂಗಳೂರಿನಲ್ಲಿ ಮೊದಲಾಯಿತು. 1915ರಲ್ಲಿ ಇಂದಿನ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು. ಚಾಮರಾಜಪೇಟೆಯ ಅದರ ಪರಿಷನ್ಮಂದಿರ ಸಿದ್ಧವಾದದ್ದು 1933ರಲ್ಲಿ. ಇತ್ತ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನು ಕಟ್ಟಿ, 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆಯನ್ನು ಆರಂಭಿಸಿದರು. ಅಂದಿನ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಇಂಗ್ಲಿಷ್ ಓದಿದ ತರುಣರಿಗೆ ಕನ್ನಡದಲ್ಲಿ ಬರೆಯುವುದು ಅಭ್ಯಾಸವಿಲ್ಲ. ಹೊಸ ಗದ್ಯಕ್ಕೆ ಇನ್ನೂ ಹದ ಬಂದಿಲ್ಲ. ಹಳಗನ್ನಡದ ಗಾಂಭೀರ್ಯ ಎಷ್ಟಿರಬೇಕು, ಆಡುಮಾತು ಎಷ್ಟಿರಬೇಕು ಎಂಬುದು ಯಾರಿಗೂ ನಿಶ್ಚಯವಿಲ್ಲ. ಪುಸ್ತಕ ಕೊಳ್ಳುವವರು ವಿರಳ, ಪ್ರಕಾಶಕರು ಇನ್ನೂ ವಿರಳ. ಇಂಥ ಹೊತ್ತಿನಲ್ಲಿ ಒಂದು ಕುಹಕದ ಮಾತು ಬರೆಯುವ ಕೈಯನ್ನು ಶಾಶ್ವತವಾಗಿ ನಿಲ್ಲಿಸಬಹುದಾಗಿತ್ತು. ಹಾಗೆಂದು ಬಂದದ್ದನ್ನೆಲ್ಲ ಹೊಗಳಿ ಅಚ್ಚು ಹಾಕಿದ್ದರೆ ಭಾಷೆಗೇ ಹಾನಿ. ಸಂಪಾದಕನಾದವನು ಮೇಷ್ಟರೂ ಆಗಲೇಬೇಕಾಗಿತ್ತು. ಆ ತಲೆಮಾರಿನಲ್ಲಿ ತಿದ್ದುವಿಕೆ ಬಹುಮಟ್ಟಿಗೆ ಅಚ್ಚಿಗೆ ಮೊದಲು, ಹಸ್ತಪ್ರತಿಯ ಮೇಲೆ, ಇಬ್ಬರ ನಡುವೆ ನಡೆಯುತ್ತಿದ್ದದ್ದು ಈ ಕಾರಣದಿಂದಲೇ. ಕಿರಿಯರು ಹಸ್ತಪ್ರತಿ ಹಿಡಿದು ಹಿರಿಯರ ಮನೆಗೆ ಹೋಗುವುದು, ಹಿರಿಯರು ಓದಿಸಿ ಕೇಳುವುದು, ಮುನ್ನುಡಿ ಬರೆದುಕೊಡುವುದು ಒಂದು ಪದ್ಧತಿಯೇ ಆಯಿತು.

ಈ ಕಾಲದ ಅತ್ಯಂತ ಪ್ರಸಿದ್ಧವಾದ ತಿದ್ದುಪಡಿ ನಡೆದದ್ದು ಮಾತ್ರ ಮೈಸೂರಿನಲ್ಲಿ, 1924ರಲ್ಲಿ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ವಿದ್ಯಾರ್ಥಿಯೊಬ್ಬರು, ಆ ಊರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ತಮ್ಮ ಪದ್ಯಗಳನ್ನು ತೋರಿಸಿದರು. ಎರಡು ವರ್ಷಗಳ ಹಿಂದೆ ಅವರ ಇಂಗ್ಲಿಷ್ ಕವಿತೆಗಳ ಪುಸ್ತಿಕೆಯೊಂದು ಅಚ್ಚೂ ಆಗಿತ್ತು. ಪ್ರಶಂಸೆಯನ್ನು ನಿರೀಕ್ಷಿಸಿಯೇ ಹೋಗಿದ್ದರು. ಕಸಿನ್ಸರು ಕೇಳಿದ್ದು, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು. ವಿದ್ಯಾರ್ಥಿಗೆ ಅಸಮಾಧಾನವೇ ಆಯಿತು. ಆದರೆ ಮಾತು ಒಳಗೆ ಇಳಿದಿತ್ತು. ಆ ತರುಣರೇ ಕುವೆಂಪು. 1967ರ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದವರು. ಸವಿಮಾತಿನಿಂದ ಬೆನ್ನು ತಟ್ಟಿ ಕಳುಹಿಸುವುದು ಕಸಿನ್ಸರಿಗೆ ಎಷ್ಟು ಸುಲಭವಾಗಿತ್ತು! ಆ ಸೌಜನ್ಯಕ್ಕೆ ನಾವು ಎಷ್ಟು ಬೆಲೆ ತೆರಬೇಕಾಗುತ್ತಿತ್ತು! ಅವರ ಮಾತು ಕಹಿಯಾಗಿದ್ದರೂ ಬಾಗಿಲು ಮುಚ್ಚಲಿಲ್ಲ. ಹೋಗಬೇಕಾದ ಇನ್ನೊಂದು ಬಾಗಿಲನ್ನು ತೋರಿಸಿತು. ಮುಂದೆ ಆ ದಾರಿಯಲ್ಲಿ ಜೊತೆಗೆ ನಡೆಯಲು ಕುವೆಂಪು ಅವರಿಗೆ ಟಿ. ಎಸ್. ವೆಂಕಣ್ಣಯ್ಯನವರಂಥ ಗುರುಗಳು ಸಿಕ್ಕರು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಆಮೇಲೆ ಅಚ್ಚಾದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯ ಅವರಿಗೇ ಅರ್ಪಿತವಾಗಿದೆ. ವೆಂಕಣ್ಣಯ್ಯನವರು ತಾವಾಗಿ ಬರೆದದ್ದು ಹೆಚ್ಚಿಲ್ಲ. ಇತರರು ಬರೆಯುವಂತಾದದ್ದರಲ್ಲಿ ಅವರ ಪಾಲು ದೊಡ್ಡದು.

ಮತ್ತೆ ಬೆಂಗಳೂರಿಗೆ ಬರೋಣ. ಮೈಸೂರು ಸರ್ಕಾರದ ದೊಡ್ಡ ಹುದ್ದೆಯಿಂದ 1943ರಲ್ಲಿ ಹೊರಬಂದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು, ಧಾರವಾಡದಲ್ಲಿ ಹುಟ್ಟಿದ್ದ ‘ಜೀವನ’ ಮಾಸಪತ್ರಿಕೆಯ ಭಾರವನ್ನು 1944ರಲ್ಲಿ ಹೊತ್ತು, 1965ರವರೆಗೆ ನಡೆಸಿದರು. ಇಪ್ಪತ್ತೊಂದು ವರ್ಷ ತಿಂಗಳು ತಿಂಗಳೂ ಇತರರ ಬರಹವನ್ನು ಓದುವುದೆಂದರೆ ಏನೆಂಬುದು, ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಕುಳಿತ ಮೇಷ್ಟರಿಗೆ ಚೆನ್ನಾಗಿ ಅರ್ಥವಾದೀತು. ತಮ್ಮದೇ ಕಥೆ ಕಾದಂಬರಿಗಳನ್ನು ಬರೆಯಬಹುದಾಗಿದ್ದ ಹೊತ್ತನ್ನು ಅವರು ಅದಕ್ಕೆ ಕೊಟ್ಟರು. ‘ವಿಮರ್ಶೆ’ ಎಂಬ ಹೆಸರಿನ ಅವರ ಸಂಪುಟಗಳನ್ನು ತೆರೆದರೆ ಅವರ ರೀತಿ ಕಾಣುತ್ತದೆ. ಮೊದಲು ಕೃತಿಯಲ್ಲಿ ಏನಿದೆ ಎಂಬುದನ್ನು ನಿಧಾನವಾಗಿ ಹೇಳುತ್ತಾರೆ; ಕವಿ ಏನು ಮಾಡಹೊರಟ ಎಂಬುದನ್ನು ಗುರುತಿಸುತ್ತಾರೆ; ಒಪ್ಪಿಗೆಯಾಗದ್ದನ್ನು ಆಮೇಲೆ, ದನಿಯೇರಿಸದೆ ಹೇಳುತ್ತಾರೆ. ಈ ಸೌಮ್ಯತೆಯನ್ನು ಮುಂದಿನ ತಲೆಮಾರಿನ ಕೆಲವರು ಮೃದುವೆಂದು, ಮೊನೆಯಿಲ್ಲದ್ದೆಂದು ಆಕ್ಷೇಪಿಸಿದ್ದುಂಟು. ಆಕ್ಷೇಪದಲ್ಲಿ ಸ್ವಲ್ಪ ಹುರುಳೂ ಇದೆ. ಆದರೆ ಕೃತಿಯನ್ನು ಪೂರ್ತಿ ಓದದೆ ಮಾಸ್ತಿಯವರು ಮಾತಾಡಿದರೆಂದು ಯಾರೂ ಹೇಳಲಾರರು.

ಅಚ್ಚುಮೊಳೆಯೇ ದೊಡ್ಡ ವಿಮರ್ಶೆಯೆಂದು ನಂಬಿದ್ದವರು ಜಿ. ಪಿ. ರಾಜರತ್ನಂ. ಹೆಂಡವನ್ನೇ ಮುಟ್ಟದೆ ಹೆಂಡಗುಡುಕ ರತ್ನನ ಪದಗಳನ್ನು ಬರೆದ ಈ ಮೇಷ್ಟರು ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ಮೂಲಕ ವಿದ್ಯಾರ್ಥಿಗಳ ಬರಹಗಳನ್ನು ಆರಿಸಿ, ತಿದ್ದಿ, ಪ್ರಕಟಿಸಿದರು. ತನ್ನ ಪದ್ಯ ಅಚ್ಚಾದುದನ್ನು ಕಂಡ ಹುಡುಗನಿಗೆ, ಕೈಬರಹದಲ್ಲಿ ಕಾಣದಿದ್ದ ಎಷ್ಟೋ ಕೊರತೆಗಳು ತಾವಾಗಿಯೇ ಕಾಣತೊಡಗುತ್ತವೆ. ಬರೆದವರಿಗೆ ಇದು ಅನುಭವದ ಮಾತು. ಅದೇ ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತ ರಾಜರತ್ನಂ ಅವರ ಪ್ರೋತ್ಸಾಹ ಪಡೆದವರು ಕೆ. ಎಸ್. ನಿಸಾರ್ ಅಹಮದ್. ಅವರ ಮೊದಲ ಸಂಕಲನ 1960ರಲ್ಲಿ ಹೊರಬಂದಾಗ ಅದರ ಹೆಸರು ‘ಮನಸು ಗಾಂಧಿಬಜಾರು’. ದೇವನಹಳ್ಳಿಯಲ್ಲಿ ಹುಟ್ಟಿದ, ವಿಜ್ಞಾನ ಕಲಿತ ಮುಸ್ಲಿಂ ತರುಣರೊಬ್ಬರು ಬಸವನಗುಡಿಯ ಹೂವು ಹಣ್ಣಿನ ಬೀದಿಯನ್ನೇ ಮನಸ್ಸಿಗೆ ರೂಪಕ ಮಾಡಿಕೊಂಡರೆಂದರೆ, ಈ ಊರಿನ ಕನ್ನಡಕ್ಕೆ ಅದು ಹೆಮ್ಮೆಯ ಸಂಗತಿಯೇ.

ಆದರೆ ಚರಿತ್ರೆ ಬರೆಯುವವರು ಜಗಲಿಯ ಮೇಲೆ ಕುಳಿತವರನ್ನು ಹೇಗೋ ಹಾಗೆ, ಜಗಲಿ ಹತ್ತಲಾಗದವರನ್ನೂ ನೆನೆಯಬೇಕು. ಹಸ್ತಪ್ರತಿ ಹಿಡಿದು ಹಿರಿಯರ ಮನೆಗೆ ಸಂಜೆ ಹೊತ್ತು ಹೋಗುವ ಸ್ವಾತಂತ್ರ್ಯ ಅಂದಿನ ಹೆಣ್ಣುಮಗಳಿಗೆಲ್ಲಿತ್ತು? ಬಾಲವಿಧವೆಯಾದ ನಂಜನಗೂಡು ತಿರುಮಲಾಂಬ 1910ರ ದಶಕದಲ್ಲೇ ಕಾದಂಬರಿ ಬರೆದು, ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಕಟ್ಟಿ, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ನಡೆಸಿದವರು. ಆಮೇಲೆ ಬರವಣಿಗೆಯಿಂದ ದೂರವಾದರು. 1982ರವರೆಗೆ ಬದುಕಿದ್ದರೂ ಬಹುಕಾಲ ಸಾಹಿತ್ಯಲೋಕ ಅವರನ್ನು ಮರೆತೇಬಿಟ್ಟಿತ್ತು. ಇಂಥ ಕೊರತೆಯನ್ನು ತಮ್ಮ ಮಿತಿಯಲ್ಲಿ ತುಂಬಿದವರು ಬೆಂಗಳೂರಿನ ಆರ್. ಕಲ್ಯಾಣಮ್ಮ. 1920ರ ದಶಕದ ಆರಂಭದಲ್ಲಿ ತೊಡಗಿ ಸುಮಾರು ನಾಲ್ಕು ದಶಕಗಳ ಕಾಲ ಅವರು ‘ಸರಸ್ವತಿ’ ಪತ್ರಿಕೆಯನ್ನು ನಡೆಸಿದರು. 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಮನೆಯಿಂದ ಹೊರಬರಲಾಗದ ಹೆಂಗಸರ ಬರಹ ಅಂಚೆಯಲ್ಲಿ ಬಂದು ತಲಪುವ ವಿಳಾಸವೊಂದು ಊರಿನಲ್ಲಿತ್ತೆಂಬುದು ಸಣ್ಣ ಮಾತಲ್ಲ.

ನವ್ಯದ ಕಾಲಕ್ಕೆ ವಿಮರ್ಶೆಯ ದನಿ ಬದಲಾಯಿತು. ಗೋಪಾಲಕೃಷ್ಣ ಅಡಿಗರು 1962ರಲ್ಲಿ ‘ಸಾಕ್ಷಿ’ಯನ್ನು ಹೊರಡಿಸಿದರು. ಹಿರಿತನಕ್ಕೆ ಕೊಡುವ ರಿಯಾಯಿತಿ ಹೋಯಿತು. ಪ್ರತಿ ಪದವೂ ತನ್ನ ಜಾಗವನ್ನು ಸಮರ್ಥಿಸಿಕೊಳ್ಳಬೇಕಾಯಿತು. ಇದರಿಂದ ನೊಂದವರು ಅನೇಕರು. ಆದರೂ ಇದನ್ನು ನಿರ್ದಯೆ ಎಂದುಬಿಡುವುದು ಸರಿಯಲ್ಲ. ಇಪ್ಪತ್ತು ಸಾಲಿನ ಕವಿತೆಯ ಮೇಲೆ ಇಪ್ಪತ್ತು ಪುಟ ಬರೆಯುವವನು, ಕಟುವಾಗಿ ಬರೆದರೂ, ಆ ಕವಿತೆಗೆ ಮರ್ಯಾದೆಯನ್ನೇ ಸಲ್ಲಿಸುತ್ತಾನೆ. ಅಡಿಗರ ಮೊದಲ ಸಂಕಲನ ‘ಭಾವತರಂಗ’ಕ್ಕೆ 1946ರಲ್ಲಿ ಮುನ್ನುಡಿ ಬರೆದವರು ಬೇಂದ್ರೆ. ಮುಂದೆ ಅಡಿಗರು ಬೇಂದ್ರೆಯವರ ದಾರಿಯಿಂದ ಬಹುದೂರ ಸರಿದರು. ಮುನ್ನುಡಿ ಎಂಬುದು ಸಾಲಪತ್ರವಲ್ಲ. ಅದನ್ನು ಪಡೆದವನು ಬರೆದವನಂತೆಯೇ ಬರೆಯಬೇಕಾಗಿಲ್ಲ.

ನಿಜವಾದ ನಿರ್ದಯೆ ಎಲ್ಲಿದೆ ಎಂಬುದನ್ನು 1979 ತೋರಿಸಿಕೊಟ್ಟಿತು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಪ್ರತ್ಯೇಕ ಗೋಷ್ಠಿ ಬೇಕೆಂಬ ಕೋರಿಕೆ ಈಡೇರಲಿಲ್ಲ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿಯೇ ಬೇರೆ ಸಮ್ಮೇಳನ ಸೇರಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿತು. ಅವರು ಕೇಳಿದ್ದು ಹೊಗಳಿಕೆಯನ್ನಲ್ಲ, ಚರ್ಚೆಯನ್ನು. ಕೃತಿಯೊಂದಕ್ಕೆ ಆಗಬಹುದಾದ ದೊಡ್ಡ ಅವಮಾನವೆಂದರೆ ಅದನ್ನು ಓದದಿರುವುದು. ಇದೇ ಕಾಲದಲ್ಲಿ ಇದಕ್ಕೆ ಬೇರೆಯಾದ ಉದಾಹರಣೆಯೂ ಈ ಊರಿನಲ್ಲೇ ಇತ್ತು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಪ್ರಕಟಿಸಿದ ಸಿದ್ಧಲಿಂಗಯ್ಯನವರು, ಜಿ. ಎಸ್. ಶಿವರುದ್ರಪ್ಪನವರು ಮುಖ್ಯಸ್ಥರಾಗಿದ್ದ ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರದಲ್ಲಿ ಓದಿದವರು. ಗುರುಗಳ ಕವಿತೆಯ ಸೌಮ್ಯ ಲಯಕ್ಕೂ ಶಿಷ್ಯರ ಕವಿತೆಯ ಸಿಡಿಲಿಗೂ ಯಾವ ಹೋಲಿಕೆಯೂ ಇಲ್ಲ. ಹರಿಹರನ ಪಾದುಕೆಯಿಂದ ಇಲ್ಲಿಗೆ ಎಷ್ಟು ದೂರ ಬಂದಿದ್ದೇವೆಂಬುದನ್ನು ಇದರಿಂದ ಅಳೆಯಬಹುದು.

ತರಗತಿ ಮುಗಿದ ಮೇಲೆ ಪದ್ಯ ಬರೆದ ಹಾಳೆಯನ್ನೋ ಮೊಬೈಲನ್ನೋ ಮುಂದಿಟ್ಟು, ‘ಸಾರ್, ಹೇಗಿದೆ?’ ಎಂದು ಕೇಳುವ ವಿದ್ಯಾರ್ಥಿಗಳು ಇಂದಿಗೂ ಇದ್ದಾರೆ. ಮೇಷ್ಟರುಗಳಿಗೆಲ್ಲ ಪರಿಚಿತ ದೃಶ್ಯವಿದು. ‘ಚೆನ್ನಾಗಿದೆ, ಮುಂದುವರಿಸಿ’ ಎಂದು ಹೇಳಲು ಎರಡು ಕ್ಷಣ ಸಾಕು. ‘ಮೊದಲು ಪಂಪನನ್ನು ಓದಿಕೊಂಡು ಬಾ’ ಎನ್ನಲೂ ಅಷ್ಟೇ ಹೊತ್ತು ಸಾಕು. ಎರಡರಲ್ಲೂ ಹುಡುಗಿಯ ಪದ್ಯವನ್ನು ಓದಿದಂತಾಗಲಿಲ್ಲ. ಮೇಲೆ ಹೇಳಿದ ಹಿರಿಯರಿಂದ ಕಲಿಯಬೇಕಾದದ್ದು ಬಹಳ ಸರಳ. ಎರಡು ಸಲ ಓದಬೇಕು. ಜೀವವಿರುವ ಸಾಲು ಯಾವುದೆಂದು ಬೆರಳಿಟ್ಟು ತೋರಿಸಬೇಕು. ಮುಗ್ಗರಿಸಿದ ಜಾಗವನ್ನೂ ಹಾಗೆಯೇ ಬೆರಳಿಟ್ಟು ತೋರಿಸಿ, ಇಲ್ಲಿ ಏನು ಹೇಳಬೇಕೆಂದಿದ್ದೆ ಎಂದು ಮನೋರಮೆಯಂತೆ ಕೇಳಬೇಕು. ಅನಂತರ ನಮ್ಮ ಪದವನ್ನು ಅಲ್ಲಿ ತುರುಕದೆ ಸುಮ್ಮನಿರಬೇಕು. ಕಹಿಯಾದ ಮಾತಿದ್ದರೆ ಕಸಿನ್ಸರಂತೆ ಬೇಗ, ಮುಖಾಮುಖಿಯಾಗಿ, ನಾಲ್ಕು ಜನರಿಲ್ಲದಾಗ ಹೇಳಬೇಕು. ಇದಕ್ಕೆಲ್ಲ ವಿದ್ವತ್ತಿಗಿಂತ ಹೆಚ್ಚಾಗಿ ಬೇಕಾದದ್ದು ಬಿಡುವು. ಇಂದಿನ ನಮ್ಮ ಬೆಂಗಳೂರಿನಲ್ಲಿ ಎಲ್ಲಕ್ಕಿಂತ ತುಟ್ಟಿಯಾದ ಸರಕೇ ಅದು.

ಉಡುಪಿಯ ಆ ವ್ಯಾಯಾಮದ ಮೇಷ್ಟರಿಗೆ ಅವರ ಕಾಲದಲ್ಲಿ ಇಂಥ ಅರ್ಧ ಗಂಟೆಯನ್ನು ಯಾರಾದರೂ ಕೊಟ್ಟಿದ್ದರೆ, ತಮ್ಮ ಕಾವ್ಯದ ಮೇಲೆ ತಮ್ಮ ಹೆಸರನ್ನು ತಾವೇ ಬರೆಯುವ ಧೈರ್ಯ ಅವರಿಗೆ ಬರುತ್ತಿತ್ತೋ ಏನೋ. ನಮ್ಮ ಮುಂದೆ ಹಾಳೆ ಹಿಡಿದು ನಿಂತವರಲ್ಲಿ ಅಂಥವರು ಯಾರಿದ್ದಾರೆಂದು ನಮಗೆ ಮೊದಲೇ ತಿಳಿಯುವ ಬಗೆಯಿಲ್ಲ. ಆದ್ದರಿಂದ ಎಲ್ಲರದನ್ನೂ ಓದಬೇಕು.